ಹಕ್ಕಿಬಂಡೆಯ ಹಿಂದೆ ನಿಂತ ಹಡಗು

ಗೋಪುರದ ಗಂಟೆ ಬಾರಿಸಿದಾಗ ದ್ವೀಪದ ಒಡತಿ ಬಂದರಿನ ಕಚೇರಿಯ ಮಹಡಿಯಲ್ಲಿ ಕೂತು ಇಬ್ಬರು ಮೀನು ಒಣಗಿಸುವವರ ಜಗಳ ಬಿಡಿಸುತ್ತಿದ್ದಳು. ಒಬ್ಬ ಹೊಸದಾಗಿ ಎಬ್ಬಿಸಿದ ಗೋಡೆಯ ನೆರಳು ಇನ್ನೊಬ್ಬನ ಮೀನಿನ ಮೇಲೆ ಬೀಳುತ್ತದೆ ಎಂಬುದು ತಕರಾರು. ಗಂಟೆ ಕೇಳಿದ್ದೇ ಇಬ್ಬರೂ ಜಗಳ ಮರೆತು ಕಿಟಕಿಗೆ ಓಡಿದರು. ಒಂದು ಗಂಟೆಯೆಂದರೆ ಪರದೇಶದ ಹಡಗು, ಎರಡೆಂದರೆ ದ್ವೀಪದ್ದೇ ಹಡಗು. ಈಗ ಬಾರಿಸಿದ್ದು ಎರಡು.

“ನಮ್ಮದೇ. ನಿಧಾನಿ ಬಂದ,” ಎಂದ ಗೋಡೆಯವನು. ಯಾರೆದುರು ಆ ಅಡ್ಡಹೆಸರು ಆಡಿದೆನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಒಡತಿಗೆ ನಗು ಬಂತು. ಆ ಹೆಸರಿಟ್ಟವಳೇ ಅವಳು. ಇಬ್ಬರೂ ಕಟ್ಟೆಯ ಮೆಟ್ಟಿಲ ಮೇಲೆ ಗಾಳ ಹಾಕಿ ಕೂರುತ್ತಿದ್ದ ವಯಸ್ಸಿನಲ್ಲಿ ಇಟ್ಟದ್ದು. ಏನು ಕೇಳಿದರೂ ತುಸು ಹೊತ್ತು ಸುಮ್ಮನಿದ್ದು, ಪ್ರಶ್ನೆಯನ್ನು ಮನಸ್ಸಿನಲ್ಲೇ ಹೊರಳಿಸಿ ನೋಡಿ ಆಮೇಲೆ ಬಾಯಿ ಬಿಡುವ ಹುಡುಗ ಅವನು. ಈಗ ದ್ವೀಪದ ದೊಡ್ಡ ಹಡಗಿನ ನಾಯಕ. ಈ ಯಾನ ಮುಗಿಸಿ ಬಂದ ಮೇಲೆ ಮದುವೆ ಎಂದು ಊರಿಗೆಲ್ಲ ಗೊತ್ತಿತ್ತು. ಅಪ್ಪ ತೀರಿಕೊಂಡು ಪಟ್ಟ ಕೈಗೆ ಬಂದಾಗಿನಿಂದ ಅವಳು ಆ ಮದುವೆಯನ್ನು ಮುಂದೂಡುತ್ತಲೇ ಬಂದಿದ್ದಳು. ಒಂದು ವರ್ಷ ಬಾವಿಗಳು ಬತ್ತಿದವು, ಇನ್ನೊಂದು ವರ್ಷ ಕಡಲ್ಗಳ್ಳರು, ಮತ್ತೊಂದು ವರ್ಷ ಬಂದರಿನ ತಡೆಗೋಡೆಯೇ ಕುಸಿಯಿತು. ಅವನು ಒಮ್ಮೆಯೂ ಅವಸರಪಡಿಸಿರಲಿಲ್ಲ. “ಕಡಲೇನು ಒಣಗಿ ಹೋಗಲ್ವಲ್ಲ,” ಅನ್ನುತ್ತಿದ್ದ, ಅಷ್ಟೇ. ಅವಳ ಕೂದಲಲ್ಲಿ ಈಗ ಒಂದೆರಡು ಬಿಳಿ ಎಳೆ ಕಾಣಿಸಿಕೊಂಡಿದ್ದವು.

ಅಷ್ಟರಲ್ಲಿ ಗಂಟೆ ಮತ್ತೆ ಬಾರಿಸತೊಡಗಿತು. ಈ ಸಲ ಬಿಟ್ಟು ಬಿಟ್ಟಲ್ಲ, ಒಂದೇ ಸಮನೆ. ಕೆಳಗೆ ಬೀದಿಯಲ್ಲಿ ಓಡುತ್ತಿದ್ದವರು ನಿಂತರು. ಹಾಗೆ ಬಾರಿಸಿದರೆ ಒಂದೇ ಅರ್ಥ: ಹಡಗಿನ ಕಂಬದ ಮೇಲೆ ಹಳದಿ ಬಾವುಟ ಇದೆ, ಒಳಗೆ ಜ್ವರ ಇದೆ.

ಚುಕ್ಕೆಜ್ವರ. ಆ ವರ್ಷ ಎದುರು ಕರಾವಳಿಯ ಪಟ್ಟಣಗಳನ್ನು ಅದು ಗುಡಿಸಿ ಹಾಕುತ್ತಿತ್ತು. ಮೊದಲು ಗಂಟಲು ನೋವು, ಆಮೇಲೆ ಕತ್ತಿನ ಸುತ್ತ ಕೆಂಪು ಚುಕ್ಕೆ, ಆಮೇಲೆ ಬದುಕಿದರೆ ಪುಣ್ಯ. ಹಿಂದಿನ ತಿಂಗಳು ಹಾಗೊಂದು ಪರದೇಶದ ಹಡಗು ಬಂದು ನೀರು, ನೆರಳು ಬೇಡಿತ್ತು. ಒಡತಿ ನೀರು ಕೊಟ್ಟಳು, ನೆರಳು ಕೊಡಲಿಲ್ಲ. ಜ್ವರವಿರುವ ಹಡಗಿನಿಂದ ಒಂದು ನರಪಿಳ್ಳೆಯೂ ದಡ ಹತ್ತಕೂಡದು, ಅದು ಯಾರದೇ ಹಡಗಾಗಿರಲಿ ಎಂದು ಅಪ್ಪಣೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಆ ಹಡಗು ಎಲ್ಲಿಗೆ ಹೋಯಿತೋ, ಅದರೊಳಗಿನವರು ಏನಾದರೋ ಯಾರೂ ವಿಚಾರಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಖಚಿತವಾಯಿತು. ದೊಡ್ಡ ಹಡಗು ಬಂದರಿನ ಬಾಯಿಯಲ್ಲಿರುವ ಹಕ್ಕಿಬಂಡೆಯ ಹಿಂದೆ ಲಂಗರು ಹಾಕಿತ್ತು. ಕೆಲವರು ಸತ್ತಿದ್ದರು, ಹಲವರು ಮಲಗಿದ್ದರು, ಉಳಿದವರು ಗಟ್ಟಿಯಾಗಿದ್ದರು. ನಿಧಾನಿಯೂ ಗಟ್ಟಿಯಾಗಿದ್ದ. ಕಾವಲು ದೋಣಿಯವರಿಗೆ ಅವನೇ ಕೂಗಿ ಹೇಳಿದ್ದ.

ಮಹಡಿಯ ಕೋಣೆಯಲ್ಲಿ ನಾಲ್ವರು ಸೇರಿದರು. ನಕ್ಷೆ ಹಾಸಿದ ಮೇಜಿನ ಒಂದು ಬದಿಗೆ ಒಡತಿ, ಪಕ್ಕದಲ್ಲಿ ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ. ಎದುರಿಗೆ ಊರಿನ ವೈದ್ಯೆ. ಬಾಗಿಲ ಹತ್ತಿರ ಬಂದರಿನ ಮುಖ್ಯಸ್ಥ. ಅವನ ದನಿ ಎಷ್ಟು ದೊಡ್ಡದೆಂದರೆ ಗುಟ್ಟು ಹೇಳಿದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ಅದಕ್ಕೇ ಊರು ಅವನನ್ನು ಪಿಸುಮಾತಪ್ಪ ಎಂದು ಕರೆಯುತ್ತಿತ್ತು.

“ಚೆನ್ನಾಗಿರೋರನ್ನ ನೋಡಿ ಮೋಸ ಹೋಗ್ಬೇಡಿ,” ಎಂದಳು ವೈದ್ಯೆ. “ಈ ಜ್ವರ ಮೈಯೊಳಗೆ ಕೂತ್ಕೊಂಡು ದಿನಗಟ್ಟಲೆ ಕಾಯುತ್ತೆ. ಆ ದಿನಗಳಲ್ಲೇ ಇನ್ನೊಬ್ಬರಿಗೆ ಹತ್ತಿಸೋದು. ಒಬ್ಬ ಇಳಿದರೂ ಊರೆಲ್ಲ ಇಳಿದ ಹಾಗೇ.”

“ನಮ್ಮ ಮಕ್ಕಳಲ್ವಾ ಅವರು,” ಎಂದಳು ಅತ್ತೆ.

“ಹೌದು. ಊರಲ್ಲಿರೋರೂ ನಮ್ಮ ಮಕ್ಕಳೇ.”

ಪಿಸುಮಾತಪ್ಪ ಒಡತಿಯ ಕಿವಿಯ ಹತ್ತಿರ ಬಗ್ಗಿದ. ಅವನ ಮಟ್ಟಿಗೆ ಅದು ಪಿಸುಮಾತು. “ಒಡತಿ, ಒಬ್ಬನ್ನ ಮಾತ್ರ ತರಬಹುದು. ನಾನೇ ಹೋಗ್ತೀನಿ, ಗಾಳಿ ಏಳೋ ಹೊತ್ತಿಗೆ, ಹಿಂದಿನ ಕಲ್ಲುದಾರೀಲಿ. ಉಪ್ಪುನೀರಲ್ಲಿ ತೊಳೆಸಿ ಕೋಟೆಯ ಹಳೇ ತೋಪುಮದ್ದಿನ ಕೋಣೇಲಿ ಇಟ್ಟುಬಿಡೋಣ. ಯಾರ ನೆರಳೂ ತಾಕಲ್ಲ. ಇಷ್ಟು ವರ್ಷ ಊರಿಗೆ ದುಡಿದಿದೀರಿ. ಇದೊಂದು ನಿಮಗೋಸ್ಕರ ಮಾಡ್ಕೊಂಡ್ರೆ ಯಾರು ಏನಂತಾರೆ?”

ಅವಳು ತಟ್ಟನೆ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು. ಮದ್ದಿನ ಕೋಣೆ ಅವಳ ಕಣ್ಣ ಮುಂದೆ ಬಂತು: ದಪ್ಪ ಗೋಡೆ, ಎತ್ತರದಲ್ಲೊಂದು ಕಿಟಕಿ, ಒಳಗಿನಿಂದ ಅಗುಳಿ. ಬಾಗಿಲಿನ ಈಚೆ ತಾನು ಕೂತು ಮಾತಾಡಬಹುದು. ಅಷ್ಟೇ ಸಾಕು, ದನಿ ಕೇಳಿದರೆ ಸಾಕು. ಅತ್ತೆ ಅವಳ ಮೊಣಕೈ ಹಿಡಿದಳು. “ನಾನು ನಿನ್ನ ಹತ್ತಿರ ಇವತ್ತಿನವರೆಗೆ ಏನೂ ಕೇಳಿಲ್ಲ, ಮಗಳೇ.”

ಆಗ ಬಾಗಿಲು ತೆರೆಯಿತು. ಹಗ್ಗದ ಕಾರ್ಖಾನೆಯ ಯಜಮಾನತಿ ನಿಂತಿದ್ದಳು. ಅವಳನ್ನು ಊರು ಹಗ್ಗದಕ್ಕ ಎನ್ನುತ್ತಿತ್ತು. ಅಂಗೈಗಳು ನಾರು ಎಳೆದೆಳೆದು ಮರದ ತೊಗಟೆಯಂತಾಗಿದ್ದವು. ಅವಳ ಇಬ್ಬರು ಗಂಡುಮಕ್ಕಳೂ ಆ ಹಡಗಿನಲ್ಲಿದ್ದರು. ಅವಳ ಬೆನ್ನ ಹಿಂದೆ ಮೆಟ್ಟಿಲ ತುಂಬ ಹೆಂಗಸರು.

“ಮುಖ್ಯಸ್ಥರ ಪಿಸುಮಾತು ಕೆಳಗಿನ ತನಕ ಕೇಳಿಸ್ತು,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಜಗಳಕ್ಕೆ ಬಂದಿಲ್ಲ ಒಡತಿ. ಒಂದು ಮಾತು ಹೇಳಿ ಹೋಗ್ತೀನಿ. ಯಾರೂ ಬರಬಾರ್ದು ಅಂದ್ರೆ ಹೊಟ್ಟೆಗೆ ಕಲ್ಲು ಕಟ್ಕೊಂಡು ಇರ್ತೀನಿ. ನಿಮ್ಮವರು ಬಂದ್ರೆ ನನ್ನವರೂ ಬರ್ತಾರೆ. ದೋಣಿ ನಾನೇ ತಗೊಂಡು ಹೋಗ್ತೀನಿ. ಗುಂಡು ಹಾರಿಸ್ಬೇಕಾದ್ರೆ ಹಾರಿಸಿ.”

ಪಿಸುಮಾತಪ್ಪ ಮೊದಲ ಬಾರಿಗೆ ನಿಜವಾಗಿ ದನಿ ತಗ್ಗಿಸಿ ಏನೋ ಅಂದ, ಅದು ಯಾರಿಗೂ ಕೇಳಿಸಲಿಲ್ಲ.

“ಯಾರೂ ಬರಲ್ಲ,” ಎಂದಳು ಒಡತಿ.

“ಅವರೂ?”

“ಅವರೂ.”

ಹಗ್ಗದಕ್ಕ ತಲೆಯಾಡಿಸಿ ಮೆಟ್ಟಿಲಿಳಿದು ಹೋದಳು. ಅತ್ತೆ ಹಿಡಿದಿದ್ದ ಮೊಣಕೈ ಬಿಟ್ಟಳು.

ಮರುದಿನ ಬೆಳಿಗ್ಗೆ ಕಾವಲು ದೋಣಿಯವರು ಬೇರೊಂದು ಸುದ್ದಿ ತಂದರು. ಹಡಗಿನ ಮೇಲಿನ ಗಟ್ಟಿಮುಟ್ಟಾದವರು ಕುದಿಯುತ್ತಿದ್ದಾರೆ. ಅಲ್ಲಿಂದ ಅವರ ಮನೆಗಳ ಹೊಗೆ ಕಾಣುತ್ತದೆ. ಒಬ್ಬನಿಗಂತೂ ಹೆಂಡತಿ ಬಟ್ಟೆ ಒಣಹಾಕುವುದು ಕಾಣುತ್ತದಂತೆ. ಸಂಜೆಯ ಉಬ್ಬರಕ್ಕೆ ದೋಣಿಗಳನ್ನು ಇಳಿಸುತ್ತೇವೆ, ತಡೆಯುವವರು ತಡೆಯಲಿ ಎಂದು ಕೂಗಿದ್ದಾರೆ. ಗೋಪುರದ ಮೇಲಿನ ತೋಪಿಗೆ ಮದ್ದು ತುಂಬಿಸಲು ಒಡತಿ ಹೇಳಿದಳು. ಪಿಸುಮಾತಪ್ಪ ತುಂಬಿಸಿ ಬಂದು ಅವಳೆದುರು ಟೋಪಿ ಹಿಡಿದು ನಿಂತ.

“ತುಂಬಿಸಿದ್ದಾಯ್ತು. ಬತ್ತಿಗೆ ಬೆಂಕಿ ಇಡೋಕೆ ಯಾರೂ ಒಪ್ತಿಲ್ಲ. ನನ್ನ ತಂಗಿ ಮಗ ಅಲ್ಲಿದಾನೆ ಒಡತಿ. ನನ್ನ ಕೈಯಲ್ಲೂ ಆಗಲ್ಲ.”

“ಸರಿ. ಬತ್ತಿ ಅಲ್ಲೇ ಇರಲಿ. ಬೇಕಾದ್ರೆ ನಾನು ಇಡ್ತೀನಿ,” ಎಂದಳು. ಬಾಗಿಲತ್ತ ನಡೆಯುತ್ತ, “ಅದಕ್ಕಿಂತ ಮೊದಲು ನನಗೊಂದು ದೋಣಿ ಬೇಕು,” ಎಂದಳು.

ಒಬ್ಬನೇ ಅಂಬಿಗ, ಒಂದೇ ದೋಣಿ. ಕಾವಲಿನವರು ತೇಲಿಬಿಟ್ಟ ಕೆಂಪು ಪೀಪಾಯಿಯೇ ಗಡಿ, ಅದರಾಚೆ ದೋಣಿ ಹೋಗುವಂತಿಲ್ಲ. ಅಲ್ಲಿಂದ ಹಡಗಿನ ಪಕ್ಕದ ಹಲಗೆಗಳ ನಡುವಿನ ಡಾಂಬರಿನ ಗೆರೆ ಕೂಡ ಕಾಣುತ್ತಿತ್ತು. ಹಡಗಿನ ಅಂಚಿನ ಕಟಕಟೆಯ ಉದ್ದಕ್ಕೂ ಗಂಡಸರು ಸಾಲಾಗಿ ನಿಂತಿದ್ದರು. ಅರ್ಧಕ್ಕರ್ಧ ಮಂದಿಯ ಮುಖ ಅವಳಿಗೆ ಗೊತ್ತು. ಕೆಲವರನ್ನು ತೊಟ್ಟಿಲಲ್ಲಿ ನೋಡಿದ್ದಳು. ಎಲ್ಲರಿಗಿಂತ ಎತ್ತರದ ನಿಧಾನಿ ಮುಂಭಾಗಕ್ಕೆ ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲಿ ತಗಡಿನ ಕಹಳೆ, ಬಾಯಿಗಿಟ್ಟು ಕೂಗಿದರೆ ನೀರಿನ ಮೇಲೆ ದೂರಕ್ಕೆ ಕೇಳಿಸುವಂಥದ್ದು. ಅವಳ ಕೈಯಲ್ಲೂ ಅಂಥದೇ ಒಂದು.

ಆರು ತಿಂಗಳ ನಂತರ ಅವರು ಆಡಿದ ಮೊದಲ ಮಾತು ಇಡೀ ಹಡಗಿಗೆ ಕೇಳಿಸುವಂತೆ ಆಡಬೇಕಾಯಿತು.

“ಒಡತಿಗೆ ನಮಸ್ಕಾರ,” ಎಂದ ಅವನು. “ನೀವು ಬರಬಾರ್ದಿತ್ತು. ಗಾಳಿ ಈ ಕಡೆಯಿಂದ ಬೀಸ್ತಿದೆ.”

“ನಿಮ್ಮ ಜನರ ಮಾತು ಕೇಳಿದೆ. ನಿಜಾನಾ?”

“ನಿಜ. ನಾನು ಹಿಡಿದು ನೋಡಿದೆ. ನಿನ್ನೆ ಹಿಡಿದೆ, ಇವತ್ತು ಆಗ್ತಿಲ್ಲ. ಮನೆ ಕಣ್ಣೆದುರಿಗಿದೆ. ನೀವು ಅವರ ಜಾಗದಲ್ಲಿದ್ರೂ ಇಳೀತಿದ್ರಿ.”

“ಇಳಿದ್ರೆ ತೋಪು ಹಾರಿಸಬೇಕಾಗುತ್ತೆ.”

ಕಟಕಟೆಯ ಮೇಲೆ ಗುಲ್ಲೆದ್ದಿತು. ಯಾರೋ ಬೈದರು. ಅವನು ಕೈಯೆತ್ತಿ ಸುಮ್ಮನಾಗಿಸಿದ. ಅವರು ಇನ್ನೂ ಅವನ ಕೈಗೆ ಸುಮ್ಮನಾಗುತ್ತಿದ್ದರು, ಅದನ್ನು ಅವಳು ನೋಡಿದಳು.

“ತಡೀರಿ,” ಎಂದಳು ಅವಳು. “ಹೇಗಾದ್ರೂ ತಡೀರಿ. ಅವರಿಗೆ ಹೇಳಿ, ನೀವೂ ಬರಲ್ಲ ಅಂತ. ಜ್ವರ ತೀರೋ ತನಕ ಹಡಗಿನಿಂದ ಒಂದು ದೋಣಿಯೂ ಇಳಿಯಲ್ಲ ಅಂತ.”

ಅವನು ಸುಮ್ಮನಿದ್ದ. ಅವನ ಆ ಮೌನ ಅವಳಿಗೆ ಹೊಸದಲ್ಲ. ಆದರೆ ಹಿಂದೆಂದೂ ಅದು ಇಷ್ಟು ಉದ್ದವಾಗಿರಲಿಲ್ಲ. ಅಲೆ ಪೀಪಾಯಿಗೆ ಬಡಿದು ಟೊಳ್ಳು ಸದ್ದು ಮಾಡುತ್ತಿತ್ತು. ಅವನು ಕಹಳೆ ಕೆಳಗಿಟ್ಟು ಮತ್ತೆ ಎತ್ತಿಕೊಂಡ.

“ಇದನ್ನ ಒಡತಿ ಹೇಳ್ತಿರೋದಾ? ಇಲ್ಲಾ, ನೀನು ಹೇಳ್ತಿರೋದಾ?”

ನೀನು. ನಾಲ್ಕು ಜನರ ಮುಂದೆ ಅವನು ಎಂದೂ ಬಳಸದ ಮಾತು. ಅಂಬಿಗ ತಲೆ ತಗ್ಗಿಸಿ ತನ್ನ ಹುಟ್ಟನ್ನೇ ನೋಡತೊಡಗಿದ.

ಅವಳಿಗೆ ಅವನ ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು. ಕಡಲ ಮೇಲೆ ನಾಯಕನಿಗೆ ಒಡೆಯನಿಲ್ಲ, ಹಡಗಿನವರ ಜೀವವೇ ಮೊದಲು ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಒಡತಿಯ ಅಪ್ಪಣೆ ಎಂದರೆ ಅವನು ತೂಗಿ ನೋಡುತ್ತಾನೆ. ಎದುರು ಮಾತಾಡುತ್ತಾನೆ. ಮಾತು ಬೆಳೆಯುತ್ತದೆ, ಉಬ್ಬರ ಏರುತ್ತದೆ. ಇನ್ನೊಂದು ಉತ್ತರ ಕೊಟ್ಟರೆ ತೂಗುವುದಿಲ್ಲ. ಇಷ್ಟು ವರ್ಷ ಕಾದವನು ಅವನು, ತನಗಾಗಿ ಏನನ್ನೂ ಕೇಳದವನು; ಅವಳೂ ಅವನನ್ನು ಏನೂ ಕೇಳಿರಲಿಲ್ಲ. ತನ್ನ ಹೆಸರಲ್ಲಿ ಕೇಳುವ ಆ ಒಂದು ಮಾತು ಅವಳ ಬಳಿ ಮುಟ್ಟದೆ ಇತ್ತು. ಇಲ್ಲಿ, ಹೀಗೆ ತೆಗೆದರೆ ಅದು ಮತ್ತೆ ಮೊದಲಿನಂತೆ ಇರುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಹಿಂದೆ ಊರಿನ ಒಲೆಗಳ ಹೊಗೆ ಏಳುತ್ತಿತ್ತು.

“ನಾನು,” ಎಂದಳು.

ಅವನು ಅವಳನ್ನೊಮ್ಮೆ ನೋಡಿದ. ಕಹಳೆಯನ್ನು ಹಲಗೆಯ ಮೇಲಿಟ್ಟು ಹಡಗಿನ ಒಳಕ್ಕೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಕೊಡಲಿ ಇತ್ತು. ಪಕ್ಕದಲ್ಲಿ ತೂಗುಹಾಕಿದ್ದ ಮೊದಲ ದೋಣಿಯ ತಳಕ್ಕೆ ಬೀಸಿದ. ಏನು ನಡೆಯುತ್ತಿದೆ ಎಂದು ಯಾರಿಗೂ ಹೊಳೆಯುವ ಮೊದಲೇ ಹಲಗೆ ಸೀಳಿತು. ಎರಡನೆಯ ದೋಣಿಗೆ ಹೋಗುವಷ್ಟರಲ್ಲಿ ಗಂಡಸರು ಮೈಮೇಲೆ ಬಿದ್ದರು. ಹಗ್ಗದಕ್ಕನ ಕಿರಿಯ ಮಗ ಅವನ ಸೊಂಟ ಹಿಡಿದು ಜೋತುಬಿದ್ದಿದ್ದ. ನಿಧಾನಿ ಎಲ್ಲರನ್ನೂ ಎಳೆದುಕೊಂಡೇ ನಡೆದ. ಎರಡನೆಯದು ಒಡೆಯಿತು, ಮೂರನೆಯದೂ ಒಡೆಯಿತು. ನೀರಿನ ಮೇಲೆ ಒಂದೊಂದು ಏಟೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೊನೆಗೆ ಅವನು ಕೊಡಲಿಯನ್ನು ಕಡಲಿಗೆಸೆದು, ಹೊಡೆಯುವವರು ಹೊಡೆಯಲಿ ಎಂದು ಕೈ ಇಳಿಬಿಟ್ಟು ನಿಂತ. ಅವರು ಹೊಡೆದರು.

“ತಿರುಗಿಸು,” ಎಂದಳು ಒಡತಿ ಅಂಬಿಗನಿಗೆ. ಅವನು ಆಗಲೇ ತಿರುಗಿಸಿದ್ದ.

ಗೋಪುರದ ಬತ್ತಿಗೆ ಬೆಂಕಿ ಇಡಬೇಕಾಗಲಿಲ್ಲ. ಅಲ್ಲಿಂದ ಈಜಿ ಬರುವ ಮಾತಿಲ್ಲ. ಹಕ್ಕಿಬಂಡೆಯ ಸೆಳೆತಕ್ಕೆ ಸಿಕ್ಕಿದವನು ಬಯಲು ಕಡಲಿಗೇ ಹೋಗುತ್ತಾನೆ. ಊರು ದಿನವೂ ಕಡಲ ಇಳಿತಕ್ಕೆ ತೆಪ್ಪ ತೇಲಿಬಿಟ್ಟಿತು: ನೀರು, ಹಿಟ್ಟು, ಸೌದೆ, ವೈದ್ಯೆಯ ಕಷಾಯ. ಹಡಗಿನವರು ಕೊಕ್ಕೆಯಿಂದ ಎಳೆದುಕೊಳ್ಳಬೇಕು, ತೆಪ್ಪವನ್ನು ಒಡೆದು ಒಲೆಗೆ ಹಾಕಿಕೊಳ್ಳಬೇಕು, ಏನೊಂದೂ ತಿರುಗಿ ಬರಕೂಡದು. ಹಗ್ಗದಕ್ಕ ತೆಪ್ಪದ ದಿಮ್ಮಿಗಳನ್ನು ತಾನೇ ಕಟ್ಟುತ್ತಿದ್ದಳು.

ಕೆಲವು ದಿನ ಬೆಳಿಗ್ಗೆ ಹಾಯಿಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದು ಕಟಕಟೆಯಿಂದ ನೀರಿಗೆ ಜಾರುವುದು ಕಾಣುತ್ತಿತ್ತು. ಕಟ್ಟೆಯ ಮೇಲೆ ನಿಂತವರು ಆ ಗಂಟಿನ ಉದ್ದ ನೋಡಿ, ಹೊತ್ತವರ ಸಂಖ್ಯೆ ನೋಡಿ ಯಾರಿರಬಹುದೆಂದು ಊಹಿಸಿ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಡತಿಯೂ ಬಂದು ನಿಲ್ಲುತ್ತಿದ್ದಳು. ಎತ್ತರದ ಆಸಾಮಿಯೊಬ್ಬ ಕಟಕಟೆಗೆ ಬಂದು ಬಾವುಟ ಇಳಿಸಿ ಏರಿಸುವುದು ಕಂಡರೆ ಆ ದಿನದ ಕೆಲಸಕ್ಕೆ ಹೋಗುತ್ತಿದ್ದಳು. ಮೀನಿನವರ ಗೋಡೆಯ ತೀರ್ಮಾನ ಮಾಡಿದಳು. ಬಾವಿಗಳ ಸರದಿ ಗೊತ್ತುಮಾಡಿದಳು. ಒಂದು ದಿನ ಬಾವುಟವನ್ನು ಬೇರೆ ಯಾರೋ ಏರಿಸಿದರು. ಮರುದಿನವೂ ಬೇರೆಯವನೇ. ಆ ದಿನಗಳಲ್ಲಿ ಅವಳು ಊಟದ ತಟ್ಟೆ ಮುಟ್ಟಲಿಲ್ಲ, ಕಚೇರಿಯನ್ನೂ ತಪ್ಪಿಸಲಿಲ್ಲ. ಅತ್ತೆ ಹಿತ್ತಲಲ್ಲಿ ಕೂತು ಅಳುವುದು ಕೇಳಿಸಿದರೂ ಹತ್ತಿರ ಹೋಗಲಿಲ್ಲ. ಹೋದರೆ ತಾನೂ ಕೂತುಬಿಡುವ ಭಯ. ಮತ್ತೊಂದು ಬೆಳಿಗ್ಗೆ ಆ ಎತ್ತರದವನು ಗೋಡೆ ಹಿಡಿದು ಬರುವ ಮಗುವಿನಂತೆ ಕಟಕಟೆ ಹಿಡಿದುಕೊಂಡು ಬಂದು ಹಗ್ಗ ಎಳೆದ.

ದ್ವೀಪಕ್ಕೆ ಜ್ವರ ಬರಲಿಲ್ಲ. ಕರಾವಳಿಯಲ್ಲಿ ಬೀದಿಬೀದಿಗಳೇ ಖಾಲಿಯಾದವೆಂದು ಸುದ್ದಿ ಬರುತ್ತಿತ್ತು. ಇಲ್ಲಿ ಒಬ್ಬರ ಕತ್ತಿನ ಮೇಲೂ ಚುಕ್ಕೆ ಏಳಲಿಲ್ಲ.

ಹೊಸ ಕಾಯಿಲೆ ಒಂದೂ ಇಲ್ಲದೆ ತಿಂಗಳು ಕಳೆದ ಮೇಲೆ ವೈದ್ಯೆ ತಾನೇ ಹೋಗಿ ನೋಡಿ ಬಂದಳು. ಹಳದಿ ಬಾವುಟ ಇಳಿಯಿತು. ಬದುಕಿದವರನ್ನು ಊರಿನ ದೋಣಿಗಳು ಕರೆತಂದವು. ಕಟ್ಟೆಯ ಮೇಲೆ ನಗು ಅಳು ಎರಡೂ ಒಂದೇ ಸದ್ದಾಗಿ ಕೇಳುತ್ತಿದ್ದವು. ಹಗ್ಗದಕ್ಕ ಹಿರಿಮಗನ ಮುಖವನ್ನು ತನ್ನ ಒರಟು ಕೈಗಳಲ್ಲಿ ಹಿಡಿದಳು, ಆಮೇಲೆ ಅವನ ಹೆಗಲ ಮೇಲಿಂದ ಹಿಂದಿನ ದೋಣಿಯತ್ತ ನೋಡಿದಳು. ಕಿರಿಯವನು ಬರಲಿಲ್ಲ.

ನಿಧಾನಿ ಎಲ್ಲರಿಗಿಂತ ಕೊನೆಗೆ ಬಂದ. ದಡದಲ್ಲಿ ಜನ ಅವನಿಗೆ ದಾರಿ ಬಿಟ್ಟರು, ಆದರೆ ಅದು ಗೌರವಕ್ಕೆ ಬಿಟ್ಟ ದಾರಿಯಾಗಿರಲಿಲ್ಲ. ದೋಣಿ ಒಡೆದವನು ಎಂದು ಯಾರೋ ಅಂದರು. ಒಬ್ಬ ಮುದುಕ ಅವನ ಕಾಲ ಬಳಿ ಉಗುಳಿದ.

ಒಡತಿ ಅವನನ್ನು ಮಹಡಿಯ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅವನ ಕೂದಲು ಉದುರಿತ್ತು. ಅಂಗಿ ಬೇರೆಯವರದೆಂಬಂತೆ ನೇತಾಡುತ್ತಿತ್ತು. ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ, ತುಂಬ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಮೆಲ್ಲಗೆ ಬಿಟ್ಟು ಕೂತ.

“ಆ ಹಗ್ಗದಕ್ಕನ ಚಿಕ್ಕ ಮಗ,” ಎಂದ. “ದೋಣಿ ಒಡೆದ ದಿನ ಅವನು ಗಟ್ಟಿಯಾಗಿದ್ದ. ನನ್ನನ್ನ ಹಿಡ್ಕೊಂಡಿದ್ದ ನೋಡಿದ್ಯಲ್ಲ, ಎಂಥ ಶಕ್ತಿ. ಅಣ್ಣನ ಆರೈಕೆ ಮಾಡ್ತಾ ಮಾಡ್ತಾ ಹತ್ತಿಸ್ಕೊಂಡ. ಅಣ್ಣ ಎದ್ದ, ಇವನು ಹೋದ.”

“ನೀನು ಏನು ಮಾಡೋಕಾಗ್ತಿತ್ತು?”

ಅವನು ಎಂದಿನಂತೆ ತಡೆದು ಮಾತಾಡಿದ.

“ಗಟ್ಟಿಯಾಗಿದ್ದವರನ್ನ ಹಕ್ಕಿಬಂಡೆ ಮೇಲೆ ಇಳಿಸಬಹುದಿತ್ತು. ಅಲ್ಲಿ ಹಳೇ ದೀಪದ ಮನೆ ಇದೆ. ಚಾವಣಿ ಇಲ್ಲ, ಆದ್ರೆ ನಮ್ಮತ್ರ ಹಾಯಿಬಟ್ಟೆ ಇತ್ತಲ್ಲ. ಕಾಯಿಲೆಯವರು ಹಡಗಲ್ಲಿ, ಉಳಿದವರು ಬಂಡೆ ಮೇಲೆ. ಅದನ್ನ ನಾನು ಮೊದಲ ದಿನಾನೇ ಯೋಚಿಸಿದ್ದೆ. ನೀನು ದೋಣೀಲಿ ಬಂದ ದಿನ ಹೇಳೋಣ ಅಂತಲೇ ಮುಂದೆ ಬಂದಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಒಡತಿ ಅಂದಿದ್ರೆ ಹೇಳ್ತಿದ್ದೆ. ಜಗಳ ಆಡ್ತಿದ್ದೆ. ‘ಎರಡು ದೋಣಿ ನನ್ನ ಕೈಲಿರಲಿ, ನಿಮ್ಮ ಕಾವಲು ಬೇಕಾದ್ರೆ ಬಂಡೆ ಸುತ್ತ ಹಾಕಿ’ ಅಂತಿದ್ದೆ. ನೀನು ‘ನಾನು’ ಅಂದೆ. ಆಮೇಲೆ ನಾನು ಯೋಚನೇನೇ ಮಾಡಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ.” ಅವನು ತನ್ನ ಕೈಗಳನ್ನು ನೋಡಿಕೊಂಡ. “ಆಮೇಲೆ ತೆಪ್ಪದಲ್ಲಿ ದಾಟಿಸೋಕೆ ನೋಡಿದೆ, ಬಂಡೆ ಹತ್ತಿರ ಮಗುಚಿತು. ದೋಣಿ ಕಳಿಸಿ ಅಂತ ಕೇಳೋ ಹಾಗೂ ಇರಲಿಲ್ಲ. ಕಳಿಸಿದ್ರೆ ಸೀದಾ ದಡಕ್ಕೇ ಬರ್ತಿದ್ರು. ನನ್ನ ಮಾತು ಕೇಳೋರು ಅಲ್ಲಿ ಯಾರೂ ಉಳಿದಿರಲಿಲ್ಲ.”

ಕಿಟಕಿಯ ಹೊರಗೆ ಜನರ ಗದ್ದಲ ಕರಗುತ್ತಿತ್ತು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

“ನಾನು ಬೇಕಂತಲೇ ಆ ಮಾತು ಆರಿಸಿಕೊಂಡೆ,” ಎಂದಳು. “ಬಾಯಿ ತಪ್ಪಿ ಬಂದದ್ದಲ್ಲ. ನೀನು ಎದುರು ಮಾತಾಡಬಾರ್ದು ಅಂತಲೇ ಹೇಳಿದ್ದು.”

“ಗೊತ್ತು. ಜ್ವರದಲ್ಲಿ ಮಲಗಿದ್ದಾಗ ಗೊತ್ತಾಯ್ತು.” ಅವನ ದನಿ ಗಡಸಾಗಿರಲಿಲ್ಲ. “ಒಂದು ಕೇಳ್ತೀನಿ, ನಿಜ ಹೇಳು. ನಾಳೆ ಇಂಥದ್ದೇ ಇನ್ನೊಂದು ಬಂದ್ರೆ, ಊರು ಉಳೀಬೇಕಾದ್ರೆ, ಮತ್ತೆ ಹಾಗೇ ಕೇಳ್ತೀಯಾ?”

ಇಲ್ಲ ಎಂದರೆ ಸಾಕಿತ್ತು. ಅವನು ನಂಬುತ್ತಿದ್ದ, ಅಥವಾ ನಂಬಿದಂತೆ ಇದ್ದುಬಿಡುತ್ತಿದ್ದ. ಅವನ ಕಣ್ಣು ಅದನ್ನೇ ಬೇಡುತ್ತಿತ್ತು. ಮದುವೆಯಾಗುತ್ತಿತ್ತು. ಸಂಜೆಗಳಲ್ಲಿ ಮನೆಯಲ್ಲಿ ಒಂದು ದನಿ ಇರುತ್ತಿತ್ತು. ಅವಳು ಆ ಸುಳ್ಳನ್ನು ನಾಲಿಗೆಯ ತುದಿಯವರೆಗೆ ತಂದಳು. ಆದರೆ ಎದುರು ಕರಾವಳಿಯಿಂದ ಹಡಗುಗಳು ಇನ್ನೂ ಬರುತ್ತಿದ್ದವು. ಇವತ್ತು ಸುಳ್ಳಾಡಿ ನಾಳೆ ಕೇಳಿದರೆ ಅವನಿಗೆ ಮಾಡಿದ ಮೋಸ. ಇವತ್ತಿನ ಮಾತಿಗೆ ಕಟ್ಟುಬಿದ್ದು ನಾಳೆ ಕೇಳದಿದ್ದರೆ ಊರಿಗೆ ಮಾಡಿದ ಮೋಸ.

“ಕೇಳ್ತೀನಿ,” ಎಂದಳು.

ಅವನು ತಲೆದೂಗಿದ. ಎದ್ದು ಟೋಪಿ ತೆಗೆದುಕೊಂಡ.

“ಹಡಗಿಗೆ ಹೊಸ ದೋಣಿ ಬೇಕಾಗುತ್ತೆ, ಒಡತಿ,” ಎಂದ. “ಬಡಗಿಗೆ ನೀವೇ ಹೇಳಿಬಿಡಿ. ನಾನು ಹೇಳಿದ್ರೆ ಮಾಡಲ್ಲ.”

ನೀವು ಎಂದ. ಬಾಗಿಲು ಮುಚ್ಚಿಯೇ ಇತ್ತು, ಒಳಗೆ ಬೇರೆ ಯಾರೂ ಇರಲಿಲ್ಲ.

ಆ ದಿನವೇ ಅವಳು ಹಗ್ಗದ ಕಾರ್ಖಾನೆಗೆ ನಡೆದು ಹೋದಳು. ಉದ್ದನೆಯ ಕೊಟ್ಟಿಗೆ, ಈ ತುದಿಯಿಂದ ಆ ತುದಿಗೆ ಎಳೆಗಳು ಬಿಗಿದು ನಿಂತಿದ್ದವು. ಕೆಲಸದವರು ಹಿಂದುಹಿಂದಕ್ಕೆ ನಡೆಯುತ್ತ ನಾರು ಬಿಡುತ್ತಿದ್ದರು. ಊರು ನಿಧಾನಿಯನ್ನು ಮಾತಲ್ಲೇ ತಿನ್ನತೊಡಗಿತ್ತು, ತಡಮಾಡುವಂತಿರಲಿಲ್ಲ. ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: ದೋಣಿ ಒಡೆದದ್ದು ನನ್ನ ಮಾತಿಗೆ. ನಾಯಕರ ಹತ್ತಿರ ಗಟ್ಟಿಯಾದವರನ್ನ ಬಂಡೆ ಮೇಲೆ ಉಳಿಸೋ ಉಪಾಯ ಇತ್ತು. ಅದನ್ನ ಹೇಳೋಕೆ ನಾನು ಅವಕಾಶ ಕೊಡಲಿಲ್ಲ. ತಪ್ಪು ನನ್ನದು.

ಹಗ್ಗದಕ್ಕ ಕೈಯಲ್ಲಿದ್ದ ನಾರನ್ನು ಕೆಳಗಿಡಲಿಲ್ಲ. “ಊರು ಉಳೀತಲ್ಲ,” ಎಂದಳು.

“ಉಳೀತು.”

“ಹಾಗಾದ್ರೆ ನಿಮ್ಮನ್ನ ಬೈಯೋಕೂ ಆಗಲ್ಲ ನಂಗೆ.” ಅವಳು ಇನ್ನೊಂದು ಎಳೆ ನಾರು ಬಿಟ್ಟಳು. “ಬೈಯೋಕಾಗಿದ್ರೆ ಸ್ವಲ್ಪ ಹಗುರ ಆಗ್ತಿತ್ತು. ನೀವು ಹೋಗಿ ಒಡತಿ. ಇವತ್ತು ಹೋಗಿ.”

ಒಡತಿ ಹೋದಳು. ಆ ವಾರವೇ ಹಕ್ಕಿಬಂಡೆಯ ಮೇಲೆ ಕಲ್ಲುಕುಟಿಗರು ಇಳಿದರು. ದೀಪದ ಮನೆಗೆ ಚಾವಣಿ ಬಂತು, ಪಕ್ಕದಲ್ಲಿ ಎರಡು ಕೋಣೆ ಎದ್ದವು, ಮಳೆನೀರಿಗೆ ತೊಟ್ಟಿ ಕಟ್ಟಿದರು. ಇನ್ನು ಮೇಲೆ ಜ್ವರದ ಹಡಗು ಬಂದರೆ, ಯಾರದೇ ಆಗಲಿ, ಗಟ್ಟಿಯಾದವರಿಗೆ ಅಲ್ಲಿ ಜಾಗ ಎಂದು ಅಪ್ಪಣೆಯಾಯಿತು. ಮದುವೆಯ ಮಾತನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ. ಅತ್ತೆ ಮಾತ್ರ ಒಮ್ಮೆ, “ಒಂದು ಸುಳ್ಳು ಹೇಳೋಕೆ ನಿನಗೇನಾಗಿತ್ತು,” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬಡಗಿ ದೋಣಿಗಳನ್ನು ಮುಗಿಸಿದ. ದೊಡ್ಡ ಹಡಗು ದಕ್ಷಿಣದ ದೂರದ ಬಂದರುಗಳಿಗೆ ಹೊರಡುವುದೆಂದು ನಿಶ್ಚಯವಾಯಿತು. ಹೋಗಿಬರಲು ವರ್ಷಗಳೇ ಹಿಡಿಯುವ ದಾರಿ ಅದು; ನಿಧಾನಿ ತಾನೇ ಕೇಳಿ ಪಡೆದದ್ದು. ಹಗ್ಗದಕ್ಕನ ಹಿರಿಮಗನೂ ಅವನ ಜೊತೆಗೇ ಹೊರಟ. ಒಡತಿ ಕಟ್ಟೆಗೆ ಬಂದು ಬೀಳ್ಕೊಡಬೇಕೆಂದಿದ್ದಳು. ಆ ಬೆಳಿಗ್ಗೆಯೇ ಗಂಟೆ ಒಂದೇ ಸಮನೆ ಬಾರಿಸಿತು. ಕರಾವಳಿಯಿಂದ ಹೆಂಗಸರು ಮಕ್ಕಳು ತುಂಬಿದ ಹಳೆಯ ಸರಕು ಹಡಗೊಂದು ಹಳದಿ ಬಟ್ಟೆ ಕಟ್ಟಿಕೊಂಡು ಬಂದು ನಿಂತಿತ್ತು.

ಅವಳು ಕೆಂಪು ಪೀಪಾಯಿಯ ಹತ್ತಿರ ದೋಣಿಯಲ್ಲಿ ನಿಂತು ಆ ಹಡಗಿನ ಮುದಿ ನಾಯಕನೊಡನೆ ಕಹಳೆಯಲ್ಲಿ ಮಾತಾಡುತ್ತಿದ್ದಳು. ಅವನಿಗೆ ಕಿವಿ ಮಂದ. ಒಂದೊಂದನ್ನೂ ಮೂರು ಸಲ ಹೇಳಬೇಕಾಗಿತ್ತು.

“ಒಡತಿ,” ಎಂದ ಅಂಬಿಗ ಮೆಲ್ಲಗೆ. “ನಮ್ಮ ಹಡಗು ನಿಮ್ಮ ಬೆನ್ನ ಹಿಂದೆ ಹೋಗ್ತಾ ಇದೆ.”

ಹಾಯಿ ಗಾಳಿ ತುಂಬಿಕೊಳ್ಳುವ ಸದ್ದು ಅವಳಿಗೂ ಕೇಳಿಸಿತ್ತು. ಎದುರಿಗೆ ಮುದುಕ ಕಿವಿಗೆ ಕೈಯಿಟ್ಟು ಕಾಯುತ್ತಿದ್ದ. ಅವನ ಪಕ್ಕದಲ್ಲಿ ಒಬ್ಬಳು ಹಸುಗೂಸನ್ನು ಎತ್ತಿ ಹಿಡಿದಿದ್ದಳು. ತಿರುಗಿದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಅರ್ಧ ಕೇಳಿದವರು ದೋಣಿ ಇಳಿಸಿಬಿಡುತ್ತಾರೆ.

“ಗಟ್ಟಿಯಾಗಿರೋರು ಎಷ್ಟು ಜನ?” ಎಂದು ಅವಳು ಮತ್ತೆ ಕೂಗಿದಳು. “ಮೊದಲು ಅವರನ್ನ ಬೇರೆ ಮಾಡಿ. ಬಂಡೆ ಮೇಲೆ ಮನೆ ಇದೆ. ನೀರಿದೆ.”

ಮುದುಕನಿಗೆ ಈ ಸಲ ಕೇಳಿಸಿತು. ಅವನು ತಿರುಗಿ ತನ್ನವರಿಗೆ ಹೇಳತೊಡಗಿದ. ಒಡತಿ ಕಹಳೆ ಇಳಿಸಿ ಹಿಂದಕ್ಕೆ ನೋಡುವ ಹೊತ್ತಿಗೆ ದೊಡ್ಡ ಹಡಗು ಬಂಡೆಯನ್ನು ದಾಟಿತ್ತು. ಹಿಂಬದಿಯ ಹಲಗೆಗಳು, ಹೊಸ ದೋಣಿಗಳ ಬಿಳಿ ಮರ ಕಾಣುತ್ತಿದ್ದವು. ಮನುಷ್ಯರ ಮುಖ ಗುರುತಾಗುತ್ತಿರಲಿಲ್ಲ. ಅವಳು ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಮುದುಕ ಕರೆದ. ಅವಳು ಮತ್ತೆ ಕಹಳೆಯನ್ನು ಬಾಯಿಗಿಟ್ಟಳು.